ಕೇಳಿ, ಮೇಷ್ಟ್ರು ಹೇಳ್ತಾರೆ: ಮೊದಲ ಬಲ್ಬ್ ಕರೆಂಟನ್ನು ತಿಂದುಬಿಡುತ್ತದಾ?

ಪ್ರಶ್ನೆ: ಮೇಷ್ಟ್ರೇ, ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿದರೆ ಮೊದಲ ಬಲ್ಬ್ ಒಂದಿಷ್ಟು ಕರೆಂಟು ಬಳಸಿಕೊಳ್ಳುತ್ತದೆ. ಎರಡನೆಯದಕ್ಕೆ ಕಡಿಮೆ ಉಳಿಯಬೇಕು ಅಲ್ವಾ? ಪರೀಕ್ಷೆಯಲ್ಲಿ ಹಾಗೇ ಬರೆದೆ, ಸೊನ್ನೆ ಬಂತು. ಯಾಕೆ ತಪ್ಪು ಅಂತ ಯಾರೂ ಹೇಳಲಿಲ್ಲ.
— ಹತ್ತನೇ ತರಗತಿ ವಿದ್ಯಾರ್ಥಿನಿ

ಉತ್ತರ: ಪೂರ್ತಿ ಸೊನ್ನೆ ಕೊಡುವಂಥ ತಪ್ಪಲ್ಲ ಮಗಳೇ. ಬಳಸಿದ್ದು ಕಡಿಮೆಯಾಗಲೇಬೇಕು ಅನ್ನುವ ನಿನ್ನ ಲೆಕ್ಕ ಸರಿಯಾಗಿಯೇ ಇದೆ. ಏನು ಕಡಿಮೆಯಾಗುತ್ತದೆ ಅನ್ನುವ ಕಡೆ ಎಡವಿದ್ದೀಯ, ಅಷ್ಟೆ.

ನಾನು ಮೂವತ್ತೊಂದು ವರ್ಷ ಪಾಠ ಮಾಡಿದೆ. ಪ್ರತಿ ವರ್ಷವೂ ಇದೇ ಪ್ರಶ್ನೆ ಬರುತ್ತಿತ್ತು. ಅದಕ್ಕೆ ನಾನು ಒಂದು ಆಟ ಇಟ್ಟುಕೊಂಡಿದ್ದೆ. ಎರಡು ಸೆಲ್, ಎರಡು ಟಾರ್ಚ್ ಬಲ್ಬ್, ಕರೆಂಟು ಅಳೆಯುವ ಎರಡು ಅಮ್ಮೀಟರ್. ಒಂದು ಅಮ್ಮೀಟರ್ ಬಲ್ಬ್‌ಗಳಿಗಿಂತ ಮೊದಲು, ಇನ್ನೊಂದು ಬಲ್ಬ್‌ಗಳೆಲ್ಲ ಮುಗಿದ ಮೇಲೆ. ಸ್ವಿಚ್ ಒತ್ತುವ ಮೊದಲೇ ಮಕ್ಕಳು ಯಾವ ಮೀಟರ್ ಜಾಸ್ತಿ ತೋರಿಸುತ್ತದೆ ಅಂತ ಚೀಟಿಯಲ್ಲಿ ಬರೆದುಕೊಡಬೇಕು. ಮುಕ್ಕಾಲು ಪಾಲು ಚೀಟಿಗಳಲ್ಲಿ ‘ಮೊದಲನೆಯದು’ ಅಂತಲೇ ಇರುತ್ತಿತ್ತು. ಸ್ವಿಚ್ ಒತ್ತಿದರೆ ಎರಡೂ ಮುಳ್ಳು ಒಂದೇ ಕಡೆ ನಿಲ್ಲುತ್ತಿದ್ದವು. ಆಗ ಹಿಂದಿನ ಬೆಂಚಿನಿಂದ ಒಂದು ದನಿ ಗ್ಯಾರಂಟಿ: “ಸರ್, ಮೀಟರ್ ಕೆಟ್ಟಿದೆ!” ಸರಿ, ಮೀಟರ್‌ಗಳನ್ನು ಅದಲು ಬದಲು ಮಾಡು ಅನ್ನುತ್ತಿದ್ದೆ. ಮತ್ತೆ ಅದೇ ಅಂಕಿ.

ಇದು ಯಾಕೆ ಹೀಗೆ? ಸೈಕಲ್ ಚೈನನ್ನು ನೆನಪಿಸಿಕೋ. ನೀನು ಪೆಡಲ್ ತುಳಿಯುತ್ತೀಯ, ಹಿಂದಿನ ಚಕ್ರ ತಿರುಗುತ್ತದೆ. ಚಕ್ರದ ಹತ್ತಿರ ಹೋದ ಚೈನಿನ ಕೊಂಡಿಗಳು ಅಲ್ಲೇನೂ ಕರಗಿಹೋಗುವುದಿಲ್ಲ. ಹೋದಷ್ಟೂ ವಾಪಸ್ ಬರುತ್ತವೆ. ಆದರೆ ನಿನ್ನ ಕಾಲು ಸುಸ್ತಾಗುತ್ತದೆ. ಅಂದರೆ ಚೈನು ಖರ್ಚಾಗಲಿಲ್ಲ, ಶಕ್ತಿ ಖರ್ಚಾಯಿತು. ತಂತಿಯಲ್ಲಿರುವ ಎಲೆಕ್ಟ್ರಾನ್‌ಗಳು ಚೈನಿನ ಕೊಂಡಿಗಳಿದ್ದ ಹಾಗೆ. ಸೆಲ್ ಅವುಗಳನ್ನು ತಯಾರಿಸುವುದಿಲ್ಲ, ಬಲ್ಬ್ ಅವುಗಳನ್ನು ನುಂಗುವುದೂ ಇಲ್ಲ. ಅವು ತಾಮ್ರದಲ್ಲಿ ಮೊದಲೇ ಇದ್ದವು. ಸೆಲ್ ಮಾಡುವುದು ತಳ್ಳುವ ಕೆಲಸ ಮಾತ್ರ.

ವೋಲ್ಟ್ ಅಂದರೆ ಆ ತಳ್ಳುವಿಕೆಯ ಲೆಕ್ಕ. 3 ವೋಲ್ಟ್ ಅಂದರೆ ಪ್ರತಿ ಕೂಲಂಬ್ ವಿದ್ಯುದಂಶಕ್ಕೆ 3 ಜೂಲ್ ಶಕ್ತಿ. ಎರಡೂ ಒಂದೇ ಥರದ ಬಲ್ಬ್ ಆದರೆ ಒಂದೊಂದು ಬಲ್ಬ್ 1.5 ಜೂಲ್ ಇಳಿಸಿಕೊಳ್ಳುತ್ತದೆ. ನೀನು ‘ಕಡಿಮೆಯಾಗುತ್ತದೆ’ ಅಂದದ್ದು ಇದಕ್ಕೆ ಹೊಂದುತ್ತದೆ. ಉತ್ತರದಲ್ಲಿ ‘ಕರೆಂಟು’ ಅನ್ನುವ ಕಡೆ ‘ವಿಭವ’ (ವೋಲ್ಟ್‌ನಲ್ಲಿ ಅಳೆಯುವುದು ಇದನ್ನೇ) ಅಂತ ಬರೆದಿದ್ದರೆ ನಿನಗೆ ಅಂಕ ಸಿಗುತ್ತಿತ್ತು.

ಇನ್ನೊಂದು ಅನುಮಾನ ನಿನಗೆ ಬಂದೇ ಬರುತ್ತದೆ. ಎರಡನೇ ಬಲ್ಬ್ ಸೇರಿಸಿದ ಕೂಡಲೇ ಮೊದಲನೆಯದೂ ಮಂಕಾಗುತ್ತದಲ್ಲ, ಮುಂದೆ ಇನ್ನೊಂದು ಬಲ್ಬ್ ಇದೆ ಅಂತ ಅದಕ್ಕೆ ಹೇಗೆ ಗೊತ್ತಾಯಿತು? ಮತ್ತೆ ಸೈಕಲ್‌ಗೇ ಬಾ. ಹಿಂದಿನ ಬ್ರೇಕ್ ಸ್ವಲ್ಪ ಹಿಡಿದರೆ ಚಕ್ರ ಮಾತ್ರ ನಿಧಾನವಾಗುತ್ತದಾ? ಇಡೀ ಚೈನು ನಿಧಾನವಾಗುತ್ತದೆ, ಅದು ನಿನ್ನ ಕಾಲಿಗೂ ತಿಳಿಯುತ್ತದೆ. ರೋಧ, ಅಂದರೆ ಕರೆಂಟಿಗೆ ತಡೆ, ಎಲ್ಲೇ ಸೇರಲಿ, ಮಂಡಲದ (ಕರೆಂಟು ಸುತ್ತುವ ದಾರಿಯ) ಉದ್ದಕ್ಕೂ ಕರೆಂಟು ಇಳಿಯುತ್ತದೆ.

ಮಂಡಲದ ಒಂದು ಕೂಡುಜಾಗಕ್ಕೆ ಬಂದಷ್ಟು ಕರೆಂಟು ಅಲ್ಲಿಂದ ಹೊರಗೆ ಹೋಗಲೇಬೇಕು ಅನ್ನುವ ನಿಯಮವನ್ನು ಜರ್ಮನಿಯ ವಿಜ್ಞಾನಿ ಕಿರ್ಚಾಫ್ ಹೇಳಿದ್ದು 1845ರಲ್ಲಿ. ಆಗ ಅವನೂ ವಿದ್ಯಾರ್ಥಿಯೇ, ನಿನಗಿಂತ ಕೆಲವೇ ವರ್ಷ ದೊಡ್ಡವನು.

ಪ್ರಶ್ನೆ: ತಂತಿಯಲ್ಲಿ ಎಲೆಕ್ಟ್ರಾನ್ ಬಸವನ ಹುಳುವಿಗಿಂತ ನಿಧಾನವಾಗಿ ಹೋಗುತ್ತದೆ ಅಂತ ನನ್ನ ಮಗ ಹೇಳುತ್ತಾನೆ. ಸ್ವಿಚ್ ಒತ್ತಿದ ತಕ್ಷಣ ದೀಪ ಹತ್ತುತ್ತದಲ್ಲ? ಅವನು ಸುಮ್ನೆ ನನ್ನನ್ನು ಆಡಿಸುತ್ತಿದ್ದಾನಾ?
— ಒಬ್ಬ ತಾಯಿ

ಉತ್ತರ: ಇಲ್ಲ ತಾಯಿ, ಹುಡುಗ ನಿಜವನ್ನೇ ಹೇಳುತ್ತಿದ್ದಾನೆ. ಲೆಕ್ಕ ಮಾಡಿಯೇ ನೋಡೋಣ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುತ್ತಿದೆ ಅಂದುಕೊಳ್ಳಿ. ಎಲೆಕ್ಟ್ರಾನ್‌ಗಳು ಸರಾಸರಿ ಮುಂದೆ ಸರಿಯುವುದು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಒಂದು ಮೀಟರ್ ದಾಟಲು ಮೂರೂಮುಕ್ಕಾಲು ಗಂಟೆ ಬೇಕು! ಇಷ್ಟು ಆಮೆನಡಿಗೆ ಯಾಕೆಂದರೆ ತಾಮ್ರದಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳ ಸಂಖ್ಯೆ ಅಪಾರ. ಜನ ಜಾಸ್ತಿ ಇದ್ದರೆ ಒಬ್ಬೊಬ್ಬರೂ ಒಂದೊಂದು ಹೆಜ್ಜೆ ಇಟ್ಟರೂ ಕೆಲಸ ಆಗುತ್ತದಲ್ಲ, ಹಾಗೆ.

ದೀಪ ತಕ್ಷಣ ಹತ್ತುವುದಕ್ಕೆ ಉತ್ತರ ಮೇಲಿನ ಚೈನಿನಲ್ಲೇ ಇದೆ. ಪೆಡಲ್ ತುಳಿದ ಕೂಡಲೇ ಚಕ್ರದ ಹತ್ತಿರದ ಕೊಂಡಿಯೂ ಅಲುಗುತ್ತದೆ. ಪೆಡಲ್ ಹತ್ತಿರದ ಕೊಂಡಿ ಅಲ್ಲಿಯ ತನಕ ಹೋಗಿ ಮುಟ್ಟಬೇಕಾಗಿಲ್ಲ. ‘ಹೊರಡಿ’ ಅನ್ನುವ ಸುದ್ದಿ ತಂತಿಯ ಗುಂಟ ಹೆಚ್ಚುಕಡಿಮೆ ಬೆಳಕಿನಷ್ಟೇ ವೇಗದಲ್ಲಿ ಹಬ್ಬುತ್ತದೆ. ಬಲ್ಬ್‌ನೊಳಗಿನ ಎಲೆಕ್ಟ್ರಾನ್‌ಗಳು ಅಲ್ಲಿಂದಲೇ ಹೊರಡುತ್ತವೆ. ಮನೆಯ ಕರೆಂಟಿನಲ್ಲಂತೂ ಅವು ಊರು ಬಿಟ್ಟು ಹೋಗುವುದೇ ಇಲ್ಲ. ಇದ್ದಲ್ಲೇ ಹಿಂದೆ ಮುಂದೆ ಜೋಲಿ ಹೊಡೆಯುತ್ತವೆ.

ಪ್ರಶ್ನೆ: ಎಲೆಕ್ಟ್ರಾನ್ ಹೋಗುವುದು ಋಣದಿಂದ ಧನದ ಕಡೆಗೆ. ಪುಸ್ತಕದ ಚಿತ್ರದಲ್ಲಿ ಬಾಣ ಮಾತ್ರ ಧನದಿಂದ ಋಣದ ಕಡೆಗೆ. ಯಾಕೆ?

ಉತ್ತರ: ಧನ, ಋಣ ಅನ್ನುವ ಹೆಸರು ಇಟ್ಟವರು ಬೆಂಜಮಿನ್ ಫ್ರಾಂಕ್ಲಿನ್, 18ನೇ ಶತಮಾನದಲ್ಲಿ. ಕರೆಂಟು ಧನದಿಂದ ಋಣದ ಕಡೆಗೆ ಹರಿಯುತ್ತದೆ ಅಂತ ಆಗ ಅಂದುಕೊಂಡರು, ಬಾಣವನ್ನೂ ಹಾಗೇ ಬರೆದರು. ಎಲೆಕ್ಟ್ರಾನ್ ಸಿಕ್ಕಿದ್ದು 1897ರಲ್ಲಿ. ಅಷ್ಟು ಹೊತ್ತಿಗೆ ಪುಸ್ತಕಗಳೆಲ್ಲ ಅಚ್ಚಾಗಿದ್ದವು! ಬಾಣವನ್ನು ತಿರುಗಿಸದಿದ್ದರೂ ಲೆಕ್ಕಕ್ಕೆ ಏನೂ ತೊಂದರೆ ಇಲ್ಲ, ಹಾಗಾಗಿ ಬಿಟ್ಟುಬಿಟ್ಟರು.

ಪ್ರಶ್ನೆ: 60 ವ್ಯಾಟ್ ಮತ್ತು 100 ವ್ಯಾಟ್ ಬಲ್ಬ್‌ಗಳನ್ನು ಸರಣಿಯಲ್ಲಿ ಹಾಕಿದರೆ ಯಾವುದು ಜಾಸ್ತಿ ಬೆಳಗುತ್ತದೆ?

ಉತ್ತರ: 60ರದ್ದು. ನಾನು ಹೇಳುತ್ತಿರುವುದು ಒಳಗೆ ತಂತಿ ಇರುವ ಹಳೇ ಬಲ್ಬ್ ವಿಷಯ, ಎಲ್‌ಇಡಿ ಅಲ್ಲ. 230 ವೋಲ್ಟ್‌ನ 60 ವ್ಯಾಟ್ ಬಲ್ಬ್‌ನ ರೋಧ ಸುಮಾರು 882 ಓಮ್. 100 ವ್ಯಾಟ್‌ನದು 529 ಓಮ್. ಸರಣಿಯಲ್ಲಿ ಇಬ್ಬರಿಗೂ ಒಂದೇ ಕರೆಂಟು. ಹಾಗಾಗಿ ರೋಧ ಯಾರಿಗೆ ಜಾಸ್ತಿಯೋ ಅವರಿಗೆ ಶಕ್ತಿಯ ಪಾಲೂ ಜಾಸ್ತಿ. ರೋಧ ಬದಲಾಗುವುದಿಲ್ಲ ಅಂದುಕೊಂಡರೆ ಒಂದಕ್ಕೆ 23 ವ್ಯಾಟ್, ಇನ್ನೊಂದಕ್ಕೆ 14 ವ್ಯಾಟ್. ಇದನ್ನು ಕಾಗದದ ಮೇಲೆ ಮಾಡಿ ಸಾಕು. ಗೋಡೆಯ ಪ್ಲಗ್‌ಗೆ ಕೈ ಹಾಕಬೇಡಿ.

ಪ್ರಶ್ನೆ: ಸೆಲ್‌ನ ಕರೆಂಟು ಅಳೆಯೋಣ ಅಂತ ಅಮ್ಮೀಟರ್‌ನ ಎರಡೂ ತುದಿಗಳನ್ನು ನೇರವಾಗಿ ಸೆಲ್‌ಗೆ ಕೊಟ್ಟೆ. ಮುಳ್ಳು ಟಕ್ ಅಂತ ಕೊನೆಗೆ ಹೊಡೆಯಿತು. ಈಗ ಮೀಟರ್ ಅಲ್ಲಾಡುತ್ತಿಲ್ಲ. ನಾನು ಏನು ತಪ್ಪು ಮಾಡಿದೆ?

ಉತ್ತರ: ನೀವು ಸೆಲ್‌ನ ಎರಡು ತುದಿಗಳನ್ನು ಬರೀ ತಂತಿಯಿಂದ ಕೂಡಿಸಿದ ಹಾಗಾಯಿತು. ಅಮ್ಮೀಟರ್‌ನ ರೋಧ ಹೆಚ್ಚುಕಡಿಮೆ ಸೊನ್ನೆ. ಅದನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ, ಇಲ್ಲದಿದ್ದರೆ ಅಳೆಯಲು ಹೋದ ಕರೆಂಟನ್ನು ಅದೇ ತಡೆದುಬಿಡುತ್ತದೆ. ಅದಕ್ಕೇ ಅಮ್ಮೀಟರ್ ಯಾವಾಗಲೂ ಬಲ್ಬ್‌ನ ಜೊತೆ ಸರಣಿಯಲ್ಲಿರಬೇಕು. ತುದಿಯಿಂದ ತುದಿಗೆ ಅಡ್ಡಲಾಗಿ ಹಾಕುವುದು ವೋಲ್ಟ್‌ಮೀಟರನ್ನು. ಅದರ ರೋಧ ತುಂಬ ಜಾಸ್ತಿ.

ಬೇಜಾರು ಮಾಡಿಕೊಳ್ಳಬೇಡಿ. ಕೆಲಸಕ್ಕೆ ಸೇರಿದ ಮೊದಲ ವರ್ಷ, ತುಂಬಿದ ತರಗತಿಯ ಎದುರು, ನಾನೂ ಇದನ್ನೇ ಮಾಡಿದ್ದೆ. ಹೊಸ ಮೀಟರ್‌ನ ದುಡ್ಡು ನಾನೇ ಕಟ್ಟಿದೆ. ಹಳೆಯದನ್ನು ಮನೆಗೆ ತಂದೆ. ಮುಳ್ಳು ಬಾಗಿದ ಆ ಮೀಟರ್ ಈಗ ನನ್ನ ಮೇಜಿನ ಮೇಲಿದೆ, ನಿಮ್ಮ ಕಾಗದಗಳು ಗಾಳಿಗೆ ಹಾರದ ಹಾಗೆ.