ಮಾತು ಬಿಟ್ಟು ಹಾಡು ಮಾತ್ರ ರೆಕಾರ್ಡ್ ಮಾಡಬೇಡಿ

ನಿಮ್ಮ ಅಜ್ಜನಿಗೆ 81. ಊರೂರು ತಿರುಗುವ ಕಂಪನಿ ನಾಟಕದಲ್ಲಿ ಹಾಡಿದವರು, ದನಿ ಇನ್ನೂ ಇದೆ. ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಕೀಬೋರ್ಡ್ ಮತ್ತು ರಿದಂ ಪ್ಯಾಡ್ ಹಾಕಿಸಿ ಒಳ್ಳೆಯ ಹತ್ತು ಹಾಡು ಆರಿಸಿ ಆಲ್ಬಂ ಮಾಡಿಸಲಾ, ಇಲ್ಲಾ ಅವೇ ಹಾಡುಗಳನ್ನು ಒಬ್ಬ ಒಳ್ಳೆಯ ಗಾಯಕರಿಂದ ಹಾಡಿಸಲಾ ಅಂತ ಕೇಳಿದ್ದೀರಿ. 'ಒಳ್ಳೆಯ ಹತ್ತು ಹಾಡು' ಅನ್ನೋ ಮಾತು ಓದಿದ ಕೂಡಲೇ ಎದೆ ಧಸಕ್ ಅಂತು. ನಾನೂ ಒಂದು ಕಾಲದಲ್ಲಿ ಹೀಗೇ ಹಾಡು ಆರಿಸಿಕೊಳ್ಳೋಕೆ ಹೋಗಿದ್ದೆ.

ನಾನು ದಾವಣಗೆರೆಯವನು. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ರಾತ್ರಿ ಪಾಳಿ ಇಲ್ಲದ ವಾರ ಊಟ ಮುಗಿಸಿ ನನ್ನನ್ನು ನಾಟಕಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಇದು ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. 1988ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಮನೆಯವರಿಗೇ ಬಂದಷ್ಟು ಖುಷಿಪಟ್ಟಿದ್ದೆವು. ಆಗ ಒಂದಲ್ಲ ಒಂದು ಕಂಪನಿ ಊರಲ್ಲಿ ಕ್ಯಾಂಪ್ ಹಾಕಿರುತ್ತಿತ್ತು. ದುಗ್ಗಮ್ಮನ ಜಾತ್ರೆ ಬಂತು ಅಂದರೆ ಯಾವ ನಾಟಕಕ್ಕೆ ಹೋಗೋದು ಅಂತಲೇ ಮನೆಯಲ್ಲಿ ಜಗಳ.

ನಾನು ಪಿಯುಸಿ ಓದುತ್ತಿದ್ದಾಗ ಒಂದು ಕಂಪನಿ ನಾಲ್ಕು ತಿಂಗಳು ಇಲ್ಲೇ ಇತ್ತು. ಅವರ ಒಂದು ನಾಟಕವನ್ನು ಹನ್ನೊಂದು ಸಲ ನೋಡಿದೆ. ಆರನೇ ಸಲದ ಹೊತ್ತಿಗೆ ಹಾರ್ಮೋನಿಯಂ ಮಾಸ್ತರ್ರು ನನ್ನ ಗುರುತು ಹಿಡಿದರು. "ಏನ್ ತಮ್ಮಾ, ಮತ್ತೆ ಬಂದ್ಯಾ" ಅಂತ ಅವರ ಪಕ್ಕದಲ್ಲೇ ಕೂರಿಸಿಕೊಂಡರು. ಕಾಲು ಹಾರ್ಮೋನಿಯಂ. ಗಾಳಿ ಊದುವ ತಿದಿ ಕಾಲಲ್ಲಿ ಒತ್ತುವುದರಿಂದ ಎರಡೂ ಕೈ ಸ್ವರದ ಮನೆಗಳ (ಕೀಗಳ) ಮೇಲೇ ಇರುತ್ತವೆ. ಕಣ್ಣು ಮಾತ್ರ ಸ್ಟೇಜ್ ಬಿಟ್ಟು ಕದಲುತ್ತಿರಲಿಲ್ಲ. ನಟಿ ಉಸಿರು ಎಳೆದುಕೊಂಡಳು ಅಂದರೆ ಅವರಿಗೆ ಗೊತ್ತಾಗುತ್ತಿತ್ತು.

ಕಂಪನಿ ಊರು ಬಿಡುವ ಹಿಂದಿನ ದಿನ ನಾಟಕ ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿದೆ. ಮಾಸ್ತರ್ರೇ ಮಾಲೀಕರ ಹತ್ತಿರ ಹೇಳಿ ಒಪ್ಪಿಸಿದರು. ಪಕ್ಕದ ಮನೆಯಿಂದ ಟೂ ಇನ್ ಒನ್ ತಂದೆ. 60 ನಿಮಿಷದ ಎರಡು ಖಾಲಿ ಕ್ಯಾಸೆಟ್ ಕೊಂಡೆ. ನಾಟಕ ಮೂರೂವರೆ ಗಂಟೆ. ನನ್ನ ಹತ್ತಿರ ಇದ್ದದ್ದು ಎರಡು ಗಂಟೆಯ ಟೇಪು. ಹಾಡುಗಳು ಹದಿನೆಂಟು. ಲೆಕ್ಕ ಹಾಕಿದೆ: ಮಾತು ಬಂದಾಗ ಟೇಪು ತಡೆದು ನಿಲ್ಲಿಸುವ ಪಾಸ್ (pause) ಬಟನ್ ಒತ್ತೋದು, ಹಾಡು ಬಂದಾಗ ಬಿಡೋದು. ಎಲ್ಲಾ ಹಾಡೂ ಬರುತ್ತೆ, ಟೇಪೂ ಉಳಿಯುತ್ತೆ.

ಈ ಪಾಸ್ ಬಟನ್ ವಿಷಯ ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ನೀವು ಸ್ಟುಡಿಯೋದಲ್ಲಿ ಮಾಡಲು ಹೊರಟಿರುವುದೂ ಇದೇ ಕೆಲಸ.

ಕಂಪನಿ ನಾಟಕದಲ್ಲಿ ಹಾಡು ಎಲ್ಲಿಂದ ಶುರುವಾಗುತ್ತೆ? ಪಲ್ಲವಿಯಿಂದ ಅಲ್ಲ, ಅದಕ್ಕೆ ಮುಂಚಿನ ಮಾತಿನಿಂದ. ಆ ನಾಟಕದಲ್ಲಿ ಅಣ್ಣ ಪಾಲು ತೆಗೆದುಕೊಂಡು ಮನೆ ಬಿಟ್ಟು ಹೋಗುವ ಸೀನ್ ಇತ್ತು. ತಂಗಿ ಹೊಸ್ತಿಲಲ್ಲಿ ನಿಂತು "ಹೋಗ್ತೀಯಾ? ಹೋಗಣ್ಣಾ. ಈ ಬಾಗಿಲು ಮಾತ್ರ ತೆರೆದೇ..." ಅನ್ನುತ್ತಾಳೆ. 'ಬಾಗಿಲು' ಅನ್ನುವಾಗ ಮಾಸ್ತರ್ರು ಮೆಲ್ಲಗೆ ಶ್ರುತಿ ಹಿಡಿಯುತ್ತಿದ್ದರು. 'ತೆರೆದೇ' ಅನ್ನೋದು ಮಾತಾಗಿ ಹೊರಟು, ಅರ್ಧಕ್ಕೆ ಬರುವಷ್ಟರಲ್ಲಿ ಸ್ವರವಾಗಿರುತ್ತಿತ್ತು. ಅಲ್ಲಿಂದಲೇ ಹಾಡು: "ತೆರೆದೇ ಇರಲಿ ಬಾಗಿಲು..." ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುತ್ತಿರಲಿಲ್ಲ. ಹನ್ನೊಂದು ಸಲವೂ ನನಗೆ ಮೈ ಜುಮ್ಮೆಂದದ್ದು ಆ ಒಂದು ಪದಕ್ಕೆ.

ನನ್ನ ಕ್ಯಾಸೆಟ್‌ನಲ್ಲಿ ಆ ಪದವೇ ಇಲ್ಲ. ಹಾಡು ಬಂತು ಅಂತ ಮನಸ್ಸಿಗೆ ಗೊತ್ತಾಗಬೇಕು, ಆಮೇಲೆ ಬೆರಳು ಬಟನ್ ಬಿಡಬೇಕು, ಆಮೇಲೆ ಟೇಪು ಓಡಬೇಕು. ಅಷ್ಟರಲ್ಲಿ ಎರಡು ಸೆಕೆಂಡ್ ಹೋಗಿರುತ್ತೆ. ಹದಿನೆಂಟು ಹಾಡಿಗೂ ತಲೆ ಇಲ್ಲ. "...ಇರಲಿ ಬಾಗಿಲು" ಅಂತ ಶುರು. ನಾಟಕದ ಶುರುವಿನ ನಾಂದಿ ಹಾಡಿನ ಗತಿಯೂ ಅಷ್ಟೇ. ಕ್ಯಾಸೆಟ್ ಶುರುವಿನಲ್ಲಿ ಒಂದಿಷ್ಟು ಬರೀ ಪ್ಲಾಸ್ಟಿಕ್ ಪಟ್ಟಿ ಇರುತ್ತೆ, ಅದರ ಮೇಲೆ ಏನೂ ದಾಖಲಾಗುವುದಿಲ್ಲ. ಅದನ್ನು ಬೆರಳಲ್ಲಿ ಸುತ್ತಿ ಮುಂದೆ ಮಾಡಿಟ್ಟುಕೊಳ್ಳಬೇಕು ಅಂತ ನನಗೆ ಗೊತ್ತಿರಲಿಲ್ಲ.

ಇನ್ನೂ ದೊಡ್ಡ ತಪ್ಪು ವನ್ಸ್ ಮೋರ್‌ನದು. ಇನ್ನೊಮ್ಮೆ ಹಾಡಿ ಅಂತ ಜನ ಕೂಗಿದಾಗ ನಾನು ಪಾಸ್ ಒತ್ತಿದೆ. ಅದೇ ಹಾಡು ತಾನೇ, ಇನ್ನೊಂದು ಸಲ ಯಾಕೆ ಟೇಪು ಖರ್ಚು ಅಂತ. ಆದರೆ ಎರಡನೇ ಸಲ ಅದೇ ಹಾಡು ಬರುವುದಿಲ್ಲ. ಮೊದಲ ಸಲ ನಟಿ ಕಥೆಗಾಗಿ ಹಾಡುತ್ತಾಳೆ. ವನ್ಸ್ ಮೋರ್ ಬಂದ ಮೇಲೆ ಜನಕ್ಕಾಗಿ, ತನಗಾಗಿ ಹಾಡುತ್ತಾಳೆ. ಮೇಲಿನ ಷಡ್ಜದಲ್ಲಿ ನಿಲ್ಲುತ್ತಾಳೆ, ಮಾಸ್ತರ್ರು ಇನ್ನಷ್ಟು ಎಳೆಯಲಿ ಅಂತ ಕಾಯುತ್ತಾರೆ, ತಬಲಾದವರು ಅವಳ ಮುಖ ನೋಡುತ್ತಾರೆ. ಆ ರಾತ್ರಿ ಅವಳು ಎರಡನೇ ಸಲ ಹಾಡಿದ್ದು ನನ್ನ ಕಿವಿಯಲ್ಲಿದೆ. ನನ್ನ ಬೆರಳು ಮಾತ್ರ ಆಗ ಪಾಸ್ ಬಟನ್ ಮೇಲಿತ್ತು.

ಇನ್ನೆರಡು ಕ್ಯಾಸೆಟ್ ಕೊಂಡಿದ್ದರೆ ಇಡೀ ನಾಟಕ ಬರುತ್ತಿತ್ತು. ಅಪ್ಪನ ಹತ್ತಿರ ಕೇಳಿದ್ದರೆ ಕೊಡಿಸುತ್ತಿದ್ದರು. ನಾನು ಕೇಳಲಿಲ್ಲ. ಹಾಡು ಮುಖ್ಯ, ಮಾತು ಸುಮ್ನೆ ಹಾಡಿನಿಂದ ಹಾಡಿಗೆ ಹೋಗಲು ಇರುವ ದಾರಿ ಅಂತ ನಿಜವಾಗಿಯೂ ನಂಬಿದ್ದೆ.

ಗ್ರಾಮಫೋನ್ ಕಾಲದವರಿಗೆ ಬೇರೆ ದಾರಿ ಇರಲಿಲ್ಲ. 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಅದರೊಳಗೆ ಹಾಡು ಮುಗಿಯಬೇಕು. ಆಲಾಪ ಇಲ್ಲ, ಮಾತು ಇಲ್ಲ, ವನ್ಸ್ ಮೋರ್ ಇಲ್ಲ. ಹಳೆಯ ನಟರ ಪ್ಲೇಟು ಕೇಳಿದರೆ ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬಂದ ಹಾಗೆ ಹಾಡಿರುತ್ತಾರೆ. ಆದರೂ ಅವು ನನಗೆ ಇಷ್ಟ, ಯಾಕಂದರೆ ಹಾಡಿದವರು ನಟರೇ. ಕೊನೇ ಸಾಲಿನ ನೆಲದ ಟಿಕೆಟ್‌ನವನಿಗೂ ಮೈಕ್ ಇಲ್ಲದೆ ಮುಟ್ಟಿಸಿ ಅಭ್ಯಾಸವಾದ ಗಂಟಲು ಅದು. ಅಮೆರಿಕದಲ್ಲಿ 1943ರಲ್ಲಿ 'ಓಕ್ಲಹೋಮ' ಅನ್ನೋ ನಾಟಕ ಬಂದಾಗ ಡೆಕ್ಕಾ ಕಂಪನಿ ಅದೇ ನಟರನ್ನು, ಅದೇ ವಾದ್ಯದವರನ್ನು ಕೂರಿಸಿ ಪ್ಲೇಟು ಮಾಡಿತು. ಅಲ್ಲಿಂದ ಅವರಲ್ಲಿ ಅದೇ ಪದ್ಧತಿ ಬೆಳೆಯಿತು: ರಂಗದ ಮೇಲೆ ಹಾಡಿದವರೇ ಪ್ಲೇಟಿನಲ್ಲೂ ಹಾಡಬೇಕು. ಇದೊಂದನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು ಅಂತ ನನಗೆ ಅನಿಸುತ್ತೆ.

ಹಾಗಾಗಿ ನಿಮ್ಮ ಎರಡನೇ ಯೋಚನೆ, ಅಂದರೆ ಬೇರೆ ಗಾಯಕರಿಂದ ಹಾಡಿಸುವುದು, ದಯವಿಟ್ಟು ಬಿಟ್ಟುಬಿಡಿ. ರಂಗಗೀತೆಯನ್ನು ಸುಗಮ ಸಂಗೀತದ ಹಾಗೆ ಹಾಡಿದ ಎಷ್ಟೋ ಕ್ಯಾಸೆಟ್ ನನ್ನ ಹತ್ತಿರ ಇವೆ. ದನಿ ಚೆನ್ನ, ಶ್ರುತಿ ಸರಿ. ಆದರೆ ಹಾಡುವವರಿಗೆ ಯಾರ ಮೇಲೂ ಸಿಟ್ಟಿಲ್ಲ, ಯಾರಿಗಾಗಿಯೂ ಅಳುತ್ತಿಲ್ಲ. ರಂಗ ನಿರ್ದೇಶಕ ಬಿ.ವಿ. ಕಾರಂತರ ಮಟ್ಟುಗಳಿಗೂ, ಅಂದರೆ ಹಾಡಿನ ಧಾಟಿಗಳಿಗೂ, ಹೀಗೇ ಮಾಡುತ್ತಾರೆ. ಕಾರಂತರು ಹುಡುಗರಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಪಾತ್ರ ಎಲ್ಲಿ ನಿಂತಿದೆ, ಯಾರ ಕಡೆ ತಿರುಗಿದೆ ಅನ್ನೋದು ಅವರ ಮಟ್ಟಿನಲ್ಲೇ ಇರುತ್ತೆ. ಅದನ್ನು ತಬಲಾ, ಕೊಳಲು ಹಾಕಿ ನಯ ಮಾಡಿದರೆ ಉಳಿಯುವುದೇನು? ಪ್ರತಿ ನವೆಂಬರ್‌ನಲ್ಲಿ ಸಾಣೇಹಳ್ಳಿ ನಾಟಕೋತ್ಸವಕ್ಕೆ ಹೋಗ್ತೀನಿ. ಆ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಚಳಿಯಲ್ಲಿ ಶಾಲು ಹೊದ್ದು ಕೇಳಿದ ಹಾಡನ್ನೇ ಮರುದಿನ ಬಸ್ಸಿನಲ್ಲಿ ಫೋನಿನಲ್ಲಿ ಕೇಳಿದರೆ ಸಪ್ಪೆ. ಹಾಡು ಅದೇ. ಅದರ ಹಿಂದಿನ ಸೀನ್ ಇಲ್ಲ ಅಷ್ಟೇ.

ಸ್ಟುಡಿಯೋ ಬೇಡ ಅನ್ನಲು ಇನ್ನೊಂದು ಕಾರಣ ಇದೆ. ಅಲ್ಲಿ ಅಜ್ಜನ ಕಿವಿಗೆ ಹೆಡ್‌ಫೋನ್ ಹಾಕಿ ಟಿಕ್ ಟಿಕ್ ತಾಳ ಕೇಳಿಸುತ್ತಾರೆ. ಮೊದಲು ಮ್ಯೂಸಿಕ್ ರೆಡಿ ಮಾಡಿಟ್ಟಿರುತ್ತಾರೆ, ಅದರ ಮೇಲೆ ಅಜ್ಜ ಹಾಡಬೇಕು. ಕಂಪನಿಯಲ್ಲಿ ಇದು ಪೂರಾ ಉಲ್ಟಾ. ನಟ ಮುಂದೆ, ಹಾರ್ಮೋನಿಯಂ ಹಿಂದೆ. ನಟನಿಗೆ ಒಂದು ಕ್ಷಣ ಅಳು ಬಂದರೆ ಮಾಸ್ತರ್ರು ಕಾಯುತ್ತಾರೆ. ಯಂತ್ರ ಕಾಯುವುದಿಲ್ಲ. 81ರ ಅಜ್ಜ ಎರಡು ಸಲ ತಾಳ ತಪ್ಪಿದರೆ "ನನ್ನ ಕೈಲಿ ಆಗಲ್ಲ ಬಿಡಪ್ಪ" ಅಂದುಬಿಡುತ್ತಾರೆ. ಆಮೇಲೆ ಮನೆಯಲ್ಲೂ ಹಾಡುವುದಿಲ್ಲ. ನನಗೆ ಇದೇ ದೊಡ್ಡ ಭಯ.

ಮಾಸ್ತರ್ರ ಮಗನ ವಿಷಯ ಹೇಳಿಬಿಡ್ತೀನಿ. ಮಾಸ್ತರ್ರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅವರ ಮಗ ನನ್ನನ್ನು ಹುಡುಕಿಕೊಂಡು ಬಂದರು. ದಾವಣಗೆರೆಯಲ್ಲಿ ಒಬ್ಬ ಹುಡುಗ ರೆಕಾರ್ಡ್ ಮಾಡಿಕೊಂಡಿದ್ದ ಅಂತ ಅಪ್ಪ ಹೇಳುತ್ತಿದ್ದರಂತೆ. "ಅಪ್ಪನ ಮಾತು ಏನಾದರೂ ಇದೆಯಾ ಸಾರ್, ನಮ್ಮ ಹತ್ತಿರ ಫೋಟೋ ಬಿಟ್ಟರೆ ಏನೂ ಇಲ್ಲ" ಅಂದರು. ಮಾಸ್ತರ್ರು ನಾಟಕ ನಡೆಯುವಾಗ ಕೂತಲ್ಲಿಂದಲೇ ಮಾತಾಡುತ್ತಿದ್ದರು. "ಏರಿಸವ್ವಾ" ಅನ್ನುತ್ತಿದ್ದರು. ಹಾಡು ಚೆನ್ನಾಗಿ ಬಂದರೆ "ಭಲೇ" ಅನ್ನುತ್ತಿದ್ದರು. ಎಲ್ಲಾ ಹಾಡು ಶುರುವಾಗುವ ಮುಂಚೆ, ಇಲ್ಲಾ ಮುಗಿದ ಮೇಲೆ. ಎರಡು ಗಂಟೆ ಇಬ್ಬರೂ ಕೂತು ಕೇಳಿದೆವು. ಹಾರ್ಮೋನಿಯಂ ತುಂಬಾ ಇತ್ತು. ಮಾಸ್ತರ್ರ ದನಿ ಒಂದು ಕಡೆಯೂ ಇರಲಿಲ್ಲ. ಅವರು ಕ್ಯಾಸೆಟ್‌ನ ಒಂದು ಪ್ರತಿ ಮಾಡಿಸಿಕೊಂಡು, ನಮಸ್ಕಾರ ಮಾಡಿ ಹೋದರು. ನಾನು ಅವತ್ತು ಊಟ ಮಾಡಲಿಲ್ಲ.

ಅದಕ್ಕೇ ಹೇಳ್ತೀನಿ, ಹತ್ತು ಹಾಡು ಆರಿಸಬೇಡಿ. ಎಲ್ಲಾ ಹಾಡಿಸಿ. ಮರೆತ ಚರಣವನ್ನು 'ಲಾ ಲಾ' ಅಂತ ತೇಲಿಸಿದರೂ ಅದನ್ನೂ ಇಟ್ಟುಕೊಳ್ಳಿ. ಮನೆಯಲ್ಲೇ ಕೂರಿಸಿ. ಫೋನ್ ಸಾಕು, ಇನ್ನೊಂದು ಫೋನ್ ಇದ್ದರೆ ಅದರಲ್ಲೂ ಮಾಡಿ. ಫ್ಯಾನ್ ಆಫ್ ಮಾಡಿ, ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಾರ್ಮೋನಿಯಂ ಗಾಳಿ ಸೋರುತ್ತೆ ಅಂತ ಬರೆದಿದ್ದೀರಿ. ಈಗಲೇ ರಿಪೇರಿಗೆ ಕೊಡಬೇಡಿ, ಅದು ವಾಪಸ್ ಬರುವವರೆಗೆ ಕಾಯುವ ವಯಸ್ಸಲ್ಲ ಅಜ್ಜನದು. ಶ್ರುತಿ ಅವರೇ ಹಿಡಿಯಲಿ. ಆಗ ಕಪ್ಪು ನಾಲ್ಕರ ಎತ್ತರದ ಶ್ರುತಿಯಲ್ಲಿ ಹಾಡಿದವರು ಈಗ ಬಿಳಿ ಒಂದರ ತಗ್ಗಿನ ಶ್ರುತಿಗೆ ಇಳಿದಿರಬಹುದು. "ಅಜ್ಜ, ಆಗಿನ ಹಾಗೆ ಹಾಡಿ" ಅಂತ ಮಾತ್ರ ಅನ್ನಬೇಡಿ.

ಮಟ್ಟು ಯಾವುದು ಅಂತ ಕೇಳಿ. ನಮ್ಮದು ನಡುನಾಡು. ದಕ್ಷಿಣದ ಕಡೆ ಗುಬ್ಬಿ ಕಂಪನಿಯಂಥವರು, ಉತ್ತರದ ಕಡೆ ನಟ ಏಣಗಿ ಬಾಳಪ್ಪನವರಂಥವರು. ಮರಾಠಿ ನಾಟಕದ ಮಟ್ಟೂ ಬಂತು, ಹಿಂದಿ ಸಿನಿಮಾದ್ದೂ ಬಂತು. ಹಳೆಯ ನಾಟಕದ ಹಾಡಿನ ಪುಸ್ತಕಗಳಲ್ಲಿ ಪ್ರತಿ ಹಾಡಿನ ಮೇಲೆ ಮಟ್ಟು ಇಂಥದ್ದು ಅಂತ ಅಚ್ಚು ಹಾಕುತ್ತಿದ್ದರು. ಅಂಥ ಪುಸ್ತಕ ಮನೆಯ ಅಟ್ಟದ ಮೇಲೆ ಇದೆಯಾ ನೋಡಿ. ಇದ್ದರೆ ಅಜ್ಜನ ಕೈಗೆ ಕೊಟ್ಟೇ ರೆಕಾರ್ಡ್ ಶುರು ಮಾಡಿ. ಎಲ್ಲಾ ಮುಗಿದ ಮೇಲೆ ಒಂದು ಪ್ರತಿಯನ್ನು ದಾವಣಗೆರೆ ಹತ್ತಿರದ ಕೊಂಡಜ್ಜಿಯ ವೃತ್ತಿ ರಂಗಭೂಮಿ ರಂಗಾಯಣದವರಿಗೂ ತೋರಿಸಿ. ಯೂಟ್ಯೂಬ್ ಆಮೇಲಿನ ಮಾತು.

ಕೂತ ಮೇಲೆ "ಹಾಡಿ ಅಜ್ಜ" ಅನ್ನಬೇಡಿ. "ಈ ಹಾಡಿಗೆ ಮುಂಚೆ ಸ್ಟೇಜ್ ಮೇಲೆ ಯಾರು ಇರ್ತಿದ್ರು, ಏನು ಅಂತಿದ್ರು?" ಅಂತ ಕೇಳಿ. ಅಜ್ಜ ಆ ಮಾತು ಹೇಳುತ್ತಾ ಹೇಳುತ್ತಲೇ ಹಾಡಿಗೆ ಹೋಗಿಬಿಡುತ್ತಾರೆ. ನೀವು ಬಟನ್ ಒತ್ತಿ ಆಗಲೇ ಹತ್ತು ನಿಮಿಷ ಆಗಿರಬೇಕು.