ಸರ್ಕಾರಿ ಯೋಜನೆಗಳಲ್ಲಿ ಮಹಿಳೆಯರ ಪಾಲು ಬರೀ ಕಾಗದದಲ್ಲಿ ಉಳಿಯದಂತೆ ಏನು ಮಾಡಬಹುದು?

ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಯೋಜನೆ, ಜಲ ಜೀವನ್ ಮಿಷನ್ ತಗೊಳ್ಳಿ. 2019ರಲ್ಲಿ ಶುರುವಾದ ಇದರ ಮಾರ್ಗಸೂಚಿ ಪ್ರಕಾರ ಊರಿನ ನೀರು ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ನೀರು ಪರೀಕ್ಷೆ ಮಾಡಲು ಪ್ರತಿ ಊರಲ್ಲಿ 5 ಮಹಿಳೆಯರಿಗೆ ತರಬೇತಿ ಕೊಡಬೇಕು. ಚೆನ್ನಾಗೇ ಇದೆ, ಅಲ್ವಾ? ಆದರೆ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಹೆಂಗಸರು ಕೂಲಿಗೆ ಹೋಗಿರುತ್ತಾರೆ, ಸಂಜೆ ರಿಜಿಸ್ಟರೇ ಮನೆ ಬಾಗಿಲಿಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತದೆ.

ಸುಮ್ನೆ ತಲೆ ಎಣಿಸಬೇಡಿ. ನಡಾವಳಿ ತೆಗೆದು, ನಲ್ಲಿ ಎಲ್ಲಿ ಬೇಕು ಅಂತ ಹೇಳಿದ್ದು ಯಾರು ನೋಡಿ. ಸಭೆಯ ಹೊತ್ತನ್ನು ಹೆಂಗಸರೇ ಗೊತ್ತು ಮಾಡಲಿ.

ಕಚೇರಿ ಕಡೆಯ ತೊಂದರೆ ಬೇರೆ: ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ವರ್ಗವಾದರೆ ಕಡತ ಮೂಲೆ ಸೇರುತ್ತದೆ, ಬಿಲ್ಲು ಪಾಸಾದ ಮೇಲೆ ಗುತ್ತಿಗೆದಾರ ಫೋನ್ ಎತ್ತುವುದಿಲ್ಲ. ನನ್ನ ಪ್ರಕಾರ, ಕೊನೆ ಕಂತು ಕೊಡುವ ಮೊದಲು ತರಬೇತಿ ಪಡೆದ ಮಹಿಳೆಯರಲ್ಲಿ ಒಬ್ಬರು ನಲ್ಲಿ ತಿರುಗಿಸಿ, ಪರೀಕ್ಷಾ ಕಿಟ್‌ನಲ್ಲಿ ನೀರು ನೋಡಿ, ಆಮೇಲೆ ಸಹಿ ಹಾಕಲಿ.