ಪರಮಾಣು ಬಹುಪಾಲು ಖಾಲಿ ಅಂದಮೇಲೆ ಕಲ್ಲು ಗಟ್ಟಿ ಯಾಕೆ?

ಬರಿಗಾಲಲ್ಲಿ ಶ್ರವಣಬೆಳಗೊಳದ ಬೆಟ್ಟ ಹತ್ತುವಾಗ ಪಾದ ಬಂಡೆಯೊಳಗೆ ಇಳಿಯುವುದಿಲ್ಲ, ಅಲ್ವಾ? ಪರಮಾಣುವಿನ ನಟ್ಟನಡುವಿನ ನ್ಯೂಕ್ಲಿಯಸ್ 5 ಮಿ.ಮೀ. ಕಾಳುಮೆಣಸಿನಷ್ಟಿದ್ದರೆ ಇಡೀ ಪರಮಾಣು ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಅಗಲ. ಆದರೆ ನಡುವಿನ ಜಾಗವನ್ನು ಸುಮ್ನೆ ಖಾಲಿ ಅನ್ನುವುದು ಸರಿಯಲ್ಲ. ಎಲೆಕ್ಟ್ರಾನುಗಳು ಅಲ್ಲೆಲ್ಲ ಅಲೆಯಾಗಿ ಹರಡಿಕೊಂಡಿರುತ್ತವೆ.

ಪಾದದ ಎಲೆಕ್ಟ್ರಾನುಗಳು ಬಂಡೆಯವಕ್ಕೆ ತೀರಾ ಹತ್ತಿರ ಬಂದರೆ ಒಂದನ್ನೊಂದು ತಳ್ಳುತ್ತವೆ, ಎರಡೂ ಋಣ ವಿದ್ಯುತ್ತಿನವು. ಬಹಳ ಜನ ಉತ್ತರವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅದು ಸಾಲದು. 1925ರಲ್ಲಿ ಭೌತವಿಜ್ಞಾನಿ ಪೌಲಿ ಹೇಳಿದ ನಿಯಮವೇ ಇಲ್ಲಿ ಮುಖ್ಯ: ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಇರುವಂತಿಲ್ಲ. ಒತ್ತಿ ಒಂದರೊಳಗೊಂದು ತುರುಕಲು ಹೋದರೆ ಕೆಲವು ಜಾಸ್ತಿ ಶಕ್ತಿಯ ಸ್ಥಿತಿಗೆ ಏರಲೇಬೇಕು. ಅಷ್ಟು ಶಕ್ತಿ ನಮ್ಮ ಮೈತೂಕದಿಂದ ಸಿಗುವುದಿಲ್ಲ. ವಸ್ತು ಕುಸಿಯದೆ ನಿಲ್ಲುವುದು ಈ ನಿಯಮದಿಂದಲೇ ಎಂದು 1967ರಲ್ಲಿ ಭೌತವಿಜ್ಞಾನಿಗಳಾದ ಡೈಸನ್ ಮತ್ತು ಲೆನಾರ್ಡ್ ಗಣಿತದಲ್ಲೇ ತೋರಿಸಿದರು. ನನಗಂತೂ ಇದು ಭೌತಶಾಸ್ತ್ರದ ಅತಿ ಸುಂದರ ಫಲಿತಾಂಶಗಳಲ್ಲಿ ಒಂದು.

ಗಡಸುತನ, ಅಂದರೆ ಕಲ್ಲನ್ನು ಕೆತ್ತಲು ಎಷ್ಟು ಕಷ್ಟ ಅನ್ನುವುದು, ಬೇರೆ ವಿಷಯ. ಬೇಲೂರಿನ ಬಳಪದ ಕಲ್ಲಿನ ಖನಿಜಗಳಲ್ಲಿ ಪದರಗಳ ನಡುವಿನ ಹಿಡಿತ ಸಡಿಲ, ಅದಕ್ಕೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಗೊಮ್ಮಟನ ಗ್ರಾನೈಟಿನಲ್ಲಿ ಸಿಲಿಕಾನ್ ಮತ್ತು ಆಕ್ಸಿಜನ್ ಎಲ್ಲ ದಿಕ್ಕಿಗೂ ಬಿಗಿಯಾಗಿ ಹೆಣೆದುಕೊಂಡಿವೆ.